ನಮ್ಮವರಿಗೆ ಬಾರದ ನೆಗಡಿ

ನಮ್ಮವರಿಗೆ ಚಿತ್ರ ಬರೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕಳೆದ ಡಿಸೆಂಬರಿನಲ್ಲಿ ಜೇವರ್ಗಿ ಕಾಲೋನಿಯ ಅರ್ಧ ಜನ ಬೇರೆಯೇ ನಂಬಿದ್ದರು. ನಮ್ಮ ಮದುವೆಗೆ ಮುಂಚೆ, ಮನೆಗೆ ಬರುವ ದಾರಿ ತಿಳಿಯಲೆಂದು ಅವರು ನನ್ನ ಅಪ್ಪನಿಗೆ ಒಂದು ನಕಾಶೆ ಬರೆದುಕೊಟ್ಟಿದ್ದರು. ಅದನ್ನು ಹಿಡಿದು ಹೊರಟ ಅಪ್ಪ ಸಂಜೆ ಕೋಟನೂರಿನ ಒಂದು ತೊಗರಿ ಹೊಲದಲ್ಲಿ ನಿಂತು ಫೋನ್ ಮಾಡಿದರು. ಆಮೇಲೂ ನನ್ನನ್ನು ಅದೇ ಮನೆಗೆ ಕೊಟ್ಟರೆಂದರೆ ನನ್ನ ಅಪ್ಪನ ಧೈರ್ಯ ದೊಡ್ಡದು.

ನಮ್ಮೂರಿನ ಚಳಿಗಾಲ ಹೆಚ್ಚೆಂದರೆ ಒಂದೂವರೆ ತಿಂಗಳು. ಆದರೆ ಅದು ಎಂದೂ ಒಂಟಿಯಾಗಿ ಬರುವುದಿಲ್ಲ. ನೆಗಡಿ, ಕೆಮ್ಮು, ಗಂಟಲುನೋವು ಮೂರನ್ನೂ ಕರೆದುಕೊಂಡೇ ಬರುತ್ತದೆ. ಹಾಗೆ ಚಳಿ ಬಂದ ಒಂದು ಭಾನುವಾರ ಸ್ವೆಟರುಗಳಿಗಾಗಿ ಅಟ್ಟದಿಂದ ಟ್ರಂಕು ಇಳಿಸಿದೆ. ನಮ್ಮವರು ಓದಲೆಂದು ಕಮಲಾಪುರದಿಂದ ಕಲಬುರಗಿಗೆ ಬಂದಾಗ ತಂದಿದ್ದ ತಗಡಿನ ಟ್ರಂಕು. ಬಟ್ಟೆಯೆಲ್ಲ ತೆಗೆದ ಮೇಲೆ ತಳಕ್ಕೆ ಹಾಸಿದ್ದ ಹಳೆಯ ಪೇಪರು ಉಳಿಯಿತು. ಐದನೇ ತರಗತಿಯಲ್ಲಿರುವ ನನ್ನ ಮಗಳು ಪ್ರೀತಿ ಟ್ರಂಕಿನೊಳಗೆ ತಲೆ ಹಾಕಿ ಅದನ್ನು ಓದತೊಡಗಿದಳು.

ಮೂವತ್ತು ವರ್ಷದ ಹಿಂದೆ ಇಲ್ಲಿಂದಲೇ ಹೊರಡುತ್ತಿದ್ದ, ಯಾವಾಗ ನಿಂತಿತೆಂದು ಯಾರಿಗೂ ನೆನಪಿಲ್ಲದ ಒಂದು ಸಣ್ಣ ಪತ್ರಿಕೆ. ಅದರ ಮೂಲೆಯಲ್ಲಿ ಮೂರು ಚೌಕದ ವ್ಯಂಗ್ಯಚಿತ್ರವಿತ್ತು. ಹೆಸರು ‘ಮಫ್ಲರ್ ಮಲ್ಲಣ್ಣ’. ಮೊದಲನೇ ಚೌಕದಲ್ಲಿ, ಉರಿಬಿಸಿಲಿನಲ್ಲೂ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡ ಮೀಸೆಯ ಮಲ್ಲಣ್ಣ ಸೈಕಲ್ಲಿನ ಮೇಲೆ ಜೋಳದ ಚೀಲ ಹೇರಿಕೊಂಡು ಗಿರಣಿಗೆ ಹೊರಟಿದ್ದಾನೆ. ಎರಡನೆಯದರಲ್ಲಿ ಎದೆಯುಬ್ಬಿಸಿ ಮರಳುತ್ತಿದ್ದಾನೆ. ಮೂರನೆಯದರಲ್ಲಿ ಬಾಗಿಲಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಕ್ಯಾರಿಯರ್ ಮೇಲೆ ಹಿಟ್ಟಿನ ಚೀಲವಿಲ್ಲ, ಮೈಯೆಲ್ಲ ಹಿಟ್ಟಾದ ಗಿರಣಿಯ ಬೆಕ್ಕು ಕುಳಿತಿದೆ.

ಪ್ರೀತಿ ನಕ್ಕೂ ನಕ್ಕೂ ಟ್ರಂಕಿನೊಳಗೇ ಬಿದ್ದಳು.

“ಯಾರ್ ಬರ್ದಾರ ಇದು? ಹೆಸರೇ ಇಲ್ಲ!”

ನಮ್ಮವರು ರೊಟ್ಟಿ ಮುರಿಯುತ್ತಿದ್ದರು. ಪೇಪರು ಕಂಡು ಅವರ ಮುಖ ಕೆಂಪಾಯಿತು. “ನಾನು,” ಎಂದರು.

“ನೀನಾ? ಪಪ್ಪಾ, ಖರೇನಾ?”

“ಹೂಂ. ಆಗ ಬರೀತಿದ್ದೆ.”

ಪ್ರೀತಿ ಪೇಪರು ಹಿಡಿದು ಹೊರಗೆ ಓಡಿದಳು. ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಪದ್ಮಜಾ ಬಾಗಿಲಲ್ಲಿದ್ದರು.

“ಅಲ್ರೀ ಜಯದೇವಿ, ಮನ್ಯಾಗ ಇಷ್ಟ ದೊಡ್ಡ ಕಲಾವಿದರನ್ನ ಇಟ್ಕೊಂಡು ಹನ್ನೆರಡು ವರ್ಷ ಬಾಯಿ ಬಿಟ್ಟಿಲ್ಲಲ್ರಿ ನೀವು!”

“ನನಗೂ ಈಗೇ ಗೊತ್ತಾತ್ರಿ,” ಎಂದೆ. ಅದು ಸುಳ್ಳಲ್ಲ.

ಪದ್ಮಜಾ ಹೋದ ಮೇಲೆ ಅಡುಗೆಮನೆಯಲ್ಲಿ ವಿಚಾರಣೆ ಮಾಡಿದೆ. “ಯಾರ್ ಬರ್ದದ್ದು ಅದು?”

“ಊರಾಗ ನಮ್ಮ ಡ್ರಾಯಿಂಗ್ ಟೀಚರ್ ಇದ್ರಲ್ಲ, ಇಕ್ಬಾಲ್ ಬೇಗಂ. ಅವ್ರು.”

“ಮತ್ತ ನೀವು ನಾನು ಅಂದ್ರಿ?”

“ಬಾಯಾಗಿಂದ ಬಂದ್ಬಿಡ್ತು.”

“ಹೇಳಿಬಿಡ್ರಿ ಅಕಿಗಿ.”

“ಹೇಳ್ತೀನಿ. ಎರಡ್ ದಿನ ಇರ್ಲಿ, ಜಯಾ. ಅಕಿ ನನ್ನ ಇಷ್ಟ ಹೊತ್ತು ಕಣ್ಣೆತ್ತಿ ನೋಡಿದ್ದು ಇದೇ ಮೊದಲ ಸಲ.”

ಹಾಗೆನ್ನಲು ಕಾರಣವಿತ್ತು. ಹೋದ ವರ್ಷ ಪಾಲಕರ ಸಭೆಗೆಂದು ಅವರು ಬೇರೆ ಶಾಲೆಗೆ ಹೋಗಿ, ಬೇರೆ ಯಾರದೋ ಮಗುವಿನ ಅಂಕಪಟ್ಟಿಗೆ ಸಹಿ ಹಾಕಿ, ‘ಗಣಿತದಾಗ ಭಾಳ ಸುಧಾರಿಸ್ಯಾಳ’ ಎಂದು ಖುಷಿಯಿಂದ ಪೇಢೆ ತಂದಿದ್ದರು. ಅಂದಿನಿಂದ ಪ್ರೀತಿ, “ಸಾಲಿಗಿ ಮಮ್ಮಿನೇ ಬರ್ಲಿ, ಪಪ್ಪಾ ಬ್ಯಾಡ,” ಎನ್ನುತ್ತಿದ್ದಳು. ಅವರು ನಗುತ್ತಲೇ ಹೂಂ ಎನ್ನುತ್ತಿದ್ದರು.

ಮರುದಿನವೇ ಕ್ಲಾಸ್ ಟೀಚರ್ ನಾಗರತ್ನಾ ಮಿಸ್ ಅವರ ಸಂದೇಶ ಬಂತು. ಇನ್ನೆರಡು ಶನಿವಾರ ಕಳೆದು, ಮೂರನೇ ಶನಿವಾರ, ಪ್ರೀತಿಯ ತಂದೆಯವರು ಶಾಲೆಗೆ ಬಂದು ಮಕ್ಕಳ ಮುಂದೆ ಬೋರ್ಡಿನ ಮೇಲೆ ಮಲ್ಲಣ್ಣನನ್ನು ಬರೆದು ತೋರಿಸಬೇಕು.

“ಪಪ್ಪಾ, ಸಾಲಿಗಿ ನೀನೇ ಬರಬೇಕು,” ಎಂದು ಪ್ರೀತಿ ಅವರ ಕೊರಳಿಗೆ ಜೋತುಬಿದ್ದಳು. “ಮಮ್ಮಿ ಬ್ಯಾಡ.”

ಎರಡು ದಿನ ನಮ್ಮವರು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ಮೂರನೇ ದಿನ ಒಂದು ಒದ್ದೆ ಕಾಗದ ತಂದು ನನ್ನ ಮುಂದೆ ಹಿಡಿದರು.

“ಬದನಿಕಾಯಿ ಛಂದ ಬಂದದರಿ,” ಎಂದೆ.

ಅವರು ಕಾಗದವನ್ನು ತಿರುಗಿಸಿ ನೋಡಿದರು, ಆಮೇಲೆ ಮಡಚಿ ಜೇಬಿಗೆ ಇಟ್ಟುಕೊಂಡರು. “ಜಯಾ, ಶನಿವಾರ ನಂಗ ಜ್ವರ ಬಂದ್ರ?”

“ಬಂದದ ಅಂತ ಹೇಳಿ ಮಲಕೊಂಡ್ರಾತು.”

“ಛೇ ಛೇ. ಒಂದು ಸುಳ್ಳಿಗೇ ಹಿಂಗಾಗ್ಯದ, ಎರಡನೇದು ನನ್ನ ಕೈಲಿ ಆಗಂಗಿಲ್ಲ. ಜ್ವರ ಖರೇನೇ ಬರಬೇಕು.”

ಹೀಗೆ ಒಬ್ಬ ಪ್ರಾಮಾಣಿಕ ಮನುಷ್ಯ ನೆಗಡಿ ಹಿಡಿಯಲು ಹೊರಟ.

ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲವೆಂದರೆ ಮಾತಾಡಿಸಲು ಹೋಗುವುದು ಪದ್ಧತಿ. ಒಂದು ಬ್ರೆಡ್ಡಿನ ಪುಡಿಕೆ ಹಿಡಿದು ಹೋಗಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು, ಯಾವ ಡಾಕ್ಟರು, ಯಾವ ಗುಳಿಗೆ ಎಂದು ಕೇಳಿ ಎದ್ದು ಬಂದರೆ ಮುಗಿಯಿತು. ನಮ್ಮವರು ಮಾತ್ರ ಮಂಚದ ಪಕ್ಕಕ್ಕೇ ಹೋಗುತ್ತಿದ್ದರು.

ಮೊದಲ ಬೇಟೆ ಪದ್ಮಜಾ ಅವರ ಅತ್ತೆ ಪಾರ್ವತೀಬಾಯಿ. ನೆಗಡಿಯಿಂದ ಮುಖ ಊದಿಸಿಕೊಂಡಿದ್ದರೂ ಮಡಿ ಬಿಟ್ಟಿರಲಿಲ್ಲ.

“ಅಲ್ಲೇ ಬಾಗಲದಾಗ ಕೂಡಪಾ ಮೌನೇಶ, ಮಡಿಯೊಳಗಿದ್ದೀನಿ.”

ನಮ್ಮವರು ಬಾಗಿಲಲ್ಲೇ ಕುಳಿತರು. ಮಾತಿಗೊಮ್ಮೆ ಸ್ಟೂಲನ್ನು ಒಂದು ಗೇಣು ಮುಂದೆ ಎಳೆದರು. ಹವಾಮಾನ, ಪೆನ್ಷನ್, ತೊಗರಿಬೇಳೆ ಎನ್ನುವಷ್ಟರಲ್ಲಿ ಅಜ್ಜಿಯ ಮೂಗಿನ ಮುಂದಿದ್ದರು.

“ಹತ್ರ ಬರಬ್ಯಾಡೋ, ನಿನಗೂ ಹತ್ತೀತು!”

“ಹತ್ತಲಿ ಬಿಡ್ರಿ ಅಜ್ಜಿ. ನಿಮ್ಮದು ನನಗ ಹತ್ತಿದ್ರ ತಪ್ಪೇನದ?”

ಪಾರ್ವತೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಕೇಳಿದೇನವಾ ಪದ್ಮಜಾ? ನಿನ್ನ ಗಂಡ ಮುಕುಂದ, ನಾ ಹೆತ್ತ ಮಗ, ಮೂಗಿಗೆ ಕೈವಸ್ತ್ರ ಹಿಡಕೊಂಡು ನನ್ನ ಮಾತಾಡ್ಸ್ತಾನ.”

ಕಚೇರಿಯಲ್ಲಿ ಹೆಡ್‌ಕ್ಲರ್ಕ್ ಗುರುಪ್ರಸಾದ ಕೆಮ್ಮುತ್ತಿದ್ದರು. ನಮ್ಮವರು ಅವರ ಎದುರಿಗೇ ಕುರ್ಚಿ ಹಾಕಿಕೊಂಡು, “ಕೆಮ್ಮುವಾಗ ಮಾರಿ ಆ ಕಡೆ ಯಾಕ ತಿರುವ್ತೀರಿ ಸರ್? ನಾ ಏನು ಬ್ಯಾರೆಯವನಾ?” ಎಂದರಂತೆ. ಗಾಜಿಪುರ ಓಣಿಯಲ್ಲಿ ತಮ್ಮ ಸೋದರತ್ತೆ ಕಸ್ತೂರಿಬಾಯಿ ಜ್ವರದಲ್ಲಿ ಅರ್ಧ ಕುಡಿದಿಟ್ಟ ಚಹಾವನ್ನು ಎತ್ತಿ ಗಟಗಟ ಕುಡಿದರು. “ನನ್ನ ಎಂಜಲಾ ಕುಡದಾನ! ಹೊಟ್ಟ್ಯಾಗ ಹುಟ್ಟಿದವ್ರು ಮಾಡಂಗಿಲ್ಲ ಹಿಂಗ,” ಎಂದು ಅತ್ತೆ ಊರಿನ ಎಲ್ಲರಿಗೂ ಫೋನ್ ಮಾಡಿ ಅತ್ತರು.

ಇತ್ತ, ರೋಗಿಗಳ ಮನೆ ಸುತ್ತಿ ಬಂದ ಗಂಡನಿಗೆ ಮೆಣಸು, ಶುಂಠಿ, ತುಳಸಿಯ ಕಷಾಯ ಕೊಡದೆ ಇರುವುದು ಹೇಗೆ? ದಿನಕ್ಕೆ ಮೂರು ಲೋಟ ಕೊಟ್ಟೆ. ಅವರು ಕಣ್ಣುಮುಚ್ಚಿ ಕುಡಿದರು. ಅವರ ಕೆಲಸ ಅವರದು, ನನ್ನ ಕೆಲಸ ನನ್ನದು.

ನೆಗಡಿ ಬರಲಿಲ್ಲ. ಒಂದು ಸೀನೂ ಬರಲಿಲ್ಲ. ಬದಲಿಗೆ ಇನ್ನೊಂದು ಆಯಿತು. ಇವರು ಸುದ್ದಿ ಕೇಳಿ, ಬ್ರೆಡ್ಡು ತಂದು, ಚಪ್ಪಲಿ ಹುಡುಕಿ ಹೊರಡುವಷ್ಟರಲ್ಲಿ ಯಾರ ನೆಗಡಿಗಾದರೂ ನಾಲ್ಕೈದು ದಿನವಾಗಿರುತ್ತಿತ್ತು. ಅದು ಹೋಗುವ ಹೊತ್ತಿಗೆ ಸರಿಯಾಗಿ ಇವರು ಹೋಗುತ್ತಿದ್ದರು. ಪಾರ್ವತೀಬಾಯಿ ಮರುದಿನ ಬೆಳಿಗ್ಗೆ ಎದ್ದು ಅಂಗಳದಲ್ಲಿ ರಂಗೋಲಿ ಹಾಕಿದರು. ಗುರುಪ್ರಸಾದರ ಕೆಮ್ಮು ಸಂಜೆಗೆ ನಿಂತಿತು. ಕಸ್ತೂರಿಬಾಯಿ ಎದ್ದು ಕುಳಿತು ಎರಡು ರೊಟ್ಟಿ ಕೇಳಿದರು.

ಪದ್ಮಜಾ ಇದನ್ನೆಲ್ಲ ಕೂಡಿಸಿ ಕಾಲೋನಿಯ ವಾಟ್ಸಾಪ್ ಗುಂಪಿಗೆ ಬರೆದರು: ‘ಮೌನೇಶಣ್ಣ ಅವರ ಕಾಲ್ಗುಣ ಭಾಳ ಛಲೋ ಅದ.’

ಮರುದಿನ ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ನಾಲ್ವರು ನಿಂತಿದ್ದರು. ಇಬ್ಬರ ಕೈಯಲ್ಲಿ ತೆಂಗಿನಕಾಯಿ.

“ಸರ್, ನಮ್ಮ ಮಾವಗ ಮೂರು ದಿನದಿಂದ ಥಂಡಿ ಜ್ವರ. ನೀವೇನೂ ಮಾಡೋದು ಬ್ಯಾಡ್ರಿ. ಬರೇ ಒಳಗ ಕಾಲಿಟ್ಟು ಬರ್ರಿ.”

“ಅಲ್ರಿ, ನಾನು ಡಾಕ್ಟರ್ ಅಲ್ಲ...”

“ಅದಕ್ಕೇ ಬಂದೀವ್ರಿ.”

ಇನ್ನೊಬ್ಬಾಕೆಗೆ ಸಿಟ್ಟು. “ನಿನ್ನೆ ಎದುರುಮನಿಗಿ ಹೋಗಿರಿ. ನಮ್ಮನಿ ಮುಂದಿಂದೇ ಹೋಗಿರಿ. ನಮ್ಮ ಮನಿ ನೆಗಡಿ ಏನು ಕಡಿಮಿ ಆತೇನ್ರಿ?”

ನಮ್ಮವರು ಆಸೆಯಿಂದಲೇ ಹೋದರು. ಒಂದೇ ವಾರದಲ್ಲಿ ಹದಿನೇಳು ನೆಗಡಿ, ಆರು ಕೆಮ್ಮು, ಎರಡು ಗಂಟಲುಬಾವು. ಒಂದೂ ಹತ್ತಲಿಲ್ಲ. ಪ್ರೀತಿ ಗೇಟಿನ ಮೇಲೆ ಕುಳಿತು, “ನಮ್ಮ ಪಪ್ಪಾ ಚಿತ್ರಾನೂ ಬರೀತಾರ, ನೆಗಡಿನೂ ಬಿಡಸ್ತಾರ,” ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ನಮ್ಮವರ ಮುಖ ಇನ್ನಷ್ಟು ಇಳಿಯುತ್ತಿತ್ತು. ಹಾಗೆ ಇಳಿದ ಮುಖ ನೋಡಿ ಜನ, “ಪಾಪ, ಮಂದಿ ಬ್ಯಾನಿ ಎಲ್ಲಾ ತಾವು ಉಂಡ್ಹಂಗ ಆಗ್ಯಾರ,” ಎಂದು ಇನ್ನಷ್ಟು ಕೈಮುಗಿಯುತ್ತಿದ್ದರು.

ಶಾಲೆಯ ಕಾರ್ಯಕ್ರಮಕ್ಕೆ ಇನ್ನು ಒಂದೇ ವಾರವಿದೆ ಎನ್ನುವಾಗ ಕಮಲಾಪುರದಿಂದ ಫೋನ್ ಬಂತು. ಮಾತಾಡಿದವಳು ಜಾಹೇದಾ, ಇಕ್ಬಾಲ್ ಬೇಗಂ ಟೀಚರ್ ಅವರ ಸೊಸೆ.

“ಅಣ್ಣಾ, ಅಮ್ಮಿಗಿ ಥಂಡಿ ಆಗಿ ಭಾಳ ತ್ರಾಸ ಆಗ್ಲಾಕತ್ತದ. ಕಸ್ತೂರಿಬಾಯಿ ನಿಮ್ಮ ಕಾಲ್ಗುಣದ ಸುದ್ದಿ ಹೇಳಿದ್ರು. ಒಂದ್ಸಲ ಬಂದು ಹೋಗ್ರಿ. ಅಮ್ಮಿನೂ ನಿಮ್ಮ ನೆನಪು ಮಾಡ್ಲಾಕತ್ತಾರ.”

ನಮ್ಮವರು ಬೆವರಿದರು. ಚಳಿಗಾಲದಲ್ಲಿ ಮನುಷ್ಯ ಹಾಗೆ ಬೆವರಿದ್ದನ್ನು ನಾನು ನೋಡಿರಲಿಲ್ಲ. ಹೋಗದೆ ಇರುವಂತಿಲ್ಲ, ಅವರು ಶಾಲೆಯಲ್ಲಿ ಕಲಿಸಿದ ಟೀಚರು. ಒಬ್ಬರೇ ಹೋಗಿಬರೋಣವೆಂದರೆ ಪ್ರೀತಿ ಆಗಲೇ ಫ್ರಾಕು ಹಾಕಿಕೊಂಡು, ಆ ಪೇಪರನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ನಿಂತಿದ್ದಳು.

“ಅದ್ಯಾಕವ್ವಾ ಅದು?”

“ನಿನ್ನ ಟೀಚರಿಗಿ ತೋರಸ್ಲಾಕ. ಅವ್ರಿಗಿ ಎಷ್ಟ್ ಖುಷಿ ಆಗ್ತದ!”

ಭಾನುವಾರ ಬಸ್ಸಿನಲ್ಲಿ ಮೂವರೂ ಹೋದೆವು. ಒಂದು ಗಂಟೆಯ ದಾರಿಯಲ್ಲಿ ನಮ್ಮವರು ಮೂರು ಸಲ “ಪ್ರೀತಿ, ನಾ ಒಂದು ಮಾತು...” ಎಂದು ಶುರುಮಾಡಿದರು. ಮೂರೂ ಸಲ ಕಂಡಕ್ಟರು ಟಿಕೆಟು ಕೇಳಲು ಬಂದ. ಒಂದು ಸಲ ತೆಗೆದುಕೊಂಡ ಟಿಕೆಟನ್ನು ಇವರು ಎಲ್ಲಿಟ್ಟರೋ ಇವರಿಗೇ ಸಿಗಲಿಲ್ಲ.

ಬೇಗಂ ಟೀಚರ್ ಮನೆಯ ತುಂಬ ಮೊಮ್ಮಕ್ಕಳು, ಎಲ್ಲರ ಮೂಗೂ ಸೋರುತ್ತಿತ್ತು. ಟೀಚರ್ ಮಂಚದ ಮೇಲೆ ಶಾಲು ಹೊದ್ದು ಒರಗಿದ್ದರು. ಧ್ವನಿ ಕಟ್ಟಿತ್ತು, ಕಣ್ಣು ಮಾತ್ರ ಚುರುಕಾಗಿತ್ತು.

“ಆವ್ ಬೇಟಾ ಮೌನೇಶ. ದೊಡ್ಡ ಹಕೀಮ ಆಗೀಯಂತ. ಸಾಲ್ಯಾಗ ಮೂರರ ಮಗ್ಗಿ ಬರ್ತಿದ್ದಿಲ್ಲ ನಿನಗ.”

ನಮ್ಮವರು ಕಾಲು ಮುಟ್ಟಿ ನಮಸ್ಕಾರ ಮಾಡಿ ಏಳುವುದರೊಳಗೆ ಪ್ರೀತಿ ಪೇಪರನ್ನು ಟೀಚರ್ ತೊಡೆಯ ಮೇಲೆ ಹರಡಿದ್ದಳು.

“ಟೀಚರ್ರೀ, ನೋಡ್ರಿ. ನಮ್ಮ ಪಪ್ಪಾ ಬರ್ದಾರ ಇದು.”

ಬೇಗಂ ಟೀಚರ್ ದಿಂಬಿನ ಕೆಳಗಿನಿಂದ ಚಾಳೀಸು ತೆಗೆದು ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಬೆರಳು ಸೈಕಲ್ಲಿನ ಚಕ್ರದ ಮೇಲೆ ಹೋಯಿತು, ಬೆಕ್ಕಿನ ಬಾಲದ ಮೇಲೆ ನಿಂತಿತು. ಚಹಾ ತಂದ ಜಾಹೇದಾ ಬಗ್ಗಿ ನೋಡಿ, “ಎಷ್ಟ್ ಛಂದ ಅದ! ನೀವು ಬರ್ದೀರೇನಣ್ಣಾ?” ಎಂದಳು. ಟೀಚರ್ ತಲೆ ಎತ್ತಿ ನಮ್ಮವರನ್ನು ನೋಡಿದರು. ನಮ್ಮವರು, ಅರ್ಧ ಕಾಲೋನಿಯನ್ನು ಗುಣಪಡಿಸಿದ್ದ ತಮ್ಮ ಎರಡು ಪಾದಗಳನ್ನು ನೋಡುತ್ತಿದ್ದರು.

“ಹೌದು ಬೇಟಿ,” ಎಂದರು ಟೀಚರ್. “ನಿಮ್ಮಪ್ಪನೇ ಬರ್ದಾನ. ಹುಷಾರ್ ಹುಡುಗ ಇದ್ದ.” ಪೇಪರನ್ನು ಸವರಿ, ಮಡಿಕೆ ಸರಿಮಾಡಿ, ಪ್ರೀತಿಯ ಕೈಗೆ ವಾಪಸು ಕೊಟ್ಟರು.

ಎಲ್ಲ ಬಗೆಹರಿಯಿತು. ಇನ್ನು ಕೇಳುವವರೇ ಇರಲಿಲ್ಲ. ನಮ್ಮವರು ತಟ್ಟನೆ ಎದ್ದು, “ಬಸ್ಸಿನ ಹೊತ್ತಾತು,” ಎಂದು ಹೊರಗೆ ಹೋದರು. ಒಂದು ಚಪ್ಪಲಿ ಮೆಟ್ಟಿದರು. ಇನ್ನೊಂದಕ್ಕೆ ಕಾಲು ಚಾಚಿ ಹಾಗೇ ನಿಂತರು. ಆಮೇಲೆ ಒಂದೇ ಚಪ್ಪಲಿಯಲ್ಲಿ ಮಂಚದವರೆಗೂ ನಡೆದು ಬಂದರು.

“ಇಲ್ಲ ಪ್ರೀತಿ. ಬರ್ದಾವ್ರು ಟೀಚರ್. ಎಲ್ಲಾ ಅವ್ರದೇ. ನಾ ಸುಳ್ಳ ಹೇಳೀನಿ.”

ಮೊದಲು ಬಾಯಿ ತೆರೆದವಳು ಜಾಹೇದಾ. “ಅಮ್ಮೀ! ನೀವು? ಇಪ್ಪತ್ತು ವರ್ಷದಿಂದ ನಿಮ್ಮ ಕೂಡ ಇದ್ದೀನಿ, ಒಂದ್ ದಿನಾ ಹೇಳಿಲ್ಲ!”

“ಹೇಳ್ಲಾಕ ಏನದ? ಒಂದು ವರ್ಷ ಬಂತು, ಪೇಪರ್ ಬಂದ್ ಆತು, ಮಂದಿ ಮರ್ತರು. ನನ್ನ ಹಂತ್ಯಾಕ ಇದ್ದದ್ದು ಗೆದ್ದಲ ತಿಂತು. ನಾ ಇವತ್ತೇ ನೋಡಾಕತ್ತೀನಿ.”

ಪ್ರೀತಿ ಪೇಪರನ್ನು ಎದೆಗೆ ಒತ್ತಿಕೊಂಡಳು. “ಸಾಲ್ಯಾಗ ಎಲ್ಲರಿಗೂ ಹೇಳೀನಲ್ಲ ಪಪ್ಪಾ.”

ಟೀಚರ್ ಅವಳನ್ನು ಹತ್ತಿರ ಎಳೆದುಕೊಂಡರು. “ಕೇಳ ಬೇಟಿ. ಬರದಾಕಿ ನಾನು. ಆದ್ರ ವಾರಾ ವಾರಾ ಹೊಸಾ ಹೊಸಾ ಏನ್ ಬರೀಬೇಕಂತ ನನಗೇನು ಕನಸು ಬೀಳ್ತಿತ್ತಾ? ಮಾರ್ಚ್ ತಿಂಗಳ ಬಿಸಲಾಗ ಥಂಡಿ ಹತ್ತೀತಂತ ಮಫ್ಲರ್ ಸುತ್ಕೊಂಡು ಸಾಲಿಗಿ ಬಂದಾಂವ ಯಾರು? ಗಿರಣಿಗಿ ಕಳಿಸಿದ್ರ ಬೆಕ್ಕು ತಂದಾಂವ ಯಾರು? ನಾ ಬರೇ ಮೀಸ್ಯೊಂದು ಹಚ್ಚಿ, ಮನ್ಯಾಗೊಬ್ಬಾಕಿ ಹೆಂಡತಿನ ನಿಂದರಿಸಿದೆ, ಗುರ್ತ ಸಿಗಬಾರದಂತ. ಆದ್ರೂ ಊರಿಗೆಲ್ಲಾ ಸಿಕ್ಕಿತ್ತು.”

ಪ್ರೀತಿ ನಿಧಾನವಾಗಿ ತಿರುಗಿ ಅಪ್ಪನನ್ನು ತಲೆಯಿಂದ ಒಂಟಿ ಚಪ್ಪಲಿಯವರೆಗೆ ನೋಡಿದಳು.

“ಮಲ್ಲಣ್ಣ ಅಂದ್ರ ನೀನಾ? ಬೆಕ್ಕು ತಂದಾಂವ ನೀನಾ?”

“ಅದು ತಾನೇ ಬಂದು ಕುಂತಿತ್ತವ್ವಾ.”

“ಮತ್ತ ಅದನ್ನೇ ಹೇಳ್ಲಾರದೆ ಸುಳ್ಳ ಯಾಕ ಹೇಳಿದಿ?”

ನಮ್ಮವರು ತಡವರಿಸಿದರು. “ಬರದಾಂವ ಅಂದ್ರ ಮರ್ಯಾದಿ ಇರ್ತದ. ಬೆಕ್ಕು ತಂದಾಂವ ಅಂದ್ರ... ನೀ ಸಾಲಿಗಿ ಬರಬ್ಯಾಡ ಅಂತೀ.”

ಪ್ರೀತಿ ಪೇಪರನ್ನು ಟೀಚರ್ ತೊಡೆಯ ಮೇಲಿಟ್ಟು, “ಇದು ನಿಮ್ಮದು,” ಎಂದು ಹೊರಗೆ ಹೋಗಿ, ಅಪ್ಪನ ಇನ್ನೊಂದು ಚಪ್ಪಲಿ ತಂದು ಅವರ ಕಾಲ ಹತ್ತಿರ ಇಟ್ಟಳು.

ಮರಳುವಾಗ ಕಿಟಕಿ ಕಡೆ ಮುಖ ಮಾಡಿಕೊಂಡು ಕುಳಿತಳು. ಮಹಾಗಾಂವ ದಾಟಿದ ಮೇಲೆ ಕಿಟಕಿಯ ಕಡೆಯಿಂದಲೇ ಒಂದು ಸಣ್ಣ ಧ್ವನಿ ಬಂತು.

“ಆ ಬೆಕ್ಕಿನ ಮೈಮ್ಯಾಲಿನ ಹಿಟ್ಟು ಯಾರ್ ಝಾಡ್ಸಿದ್ರು?”

“ನಮ್ಮವ್ವ,” ಎಂದರು ಇವರು. “ಸೋಸಿ ರೊಟ್ಟಿ ಮಾಡ್ತೀನಿ ಅಂತ ಅಂಜಿಸಿದ್ಳು. ಬೆಕ್ಕಿಗಲ್ಲ, ನನಗ.”

ಕಲಬುರಗಿ ಮುಟ್ಟುವವರೆಗೆ ಅವರು ಹೇಳುತ್ತಲೇ ಇದ್ದರು, ಅವಳು ಕೇಳುತ್ತಲೇ ಇದ್ದಳು. ಹಿಂದಿನ ಸೀಟಿನವರು ಇಳಿಯುವ ಸ್ಟಾಪು ಬಿಟ್ಟು ಮುಂದೆ ಬಂದರು.

ಬುಧವಾರ ಬೆಳಿಗ್ಗೆ ನಮ್ಮವರು ಸೀನಿದರು. ಒಂದಲ್ಲ, ಹನ್ನೊಂದು. ಕಮಲಾಪುರದ ನೆಗಡಿಯ ಮುಂದೆ ನನ್ನ ಕಷಾಯ ನಿಲ್ಲಲಿಲ್ಲ. ಪದ್ಮಜಾ ಬ್ರೆಡ್ಡು ಹಿಡಿದು ಬಂದು ಬಾಗಿಲಲ್ಲೇ ನಿಂತರು. “ಅಯ್ಯ, ನಿಮಗೇ ಬಂತಾ? ಈಗ ನಿಮಗ ಯಾರ ಕಾಲ್ಗುಣ ತರೋಣ್ರಿ?” ಎಂದು ಅಲ್ಲಿಂದಲೇ ಕೇಳಿ ಅಲ್ಲಿಂದಲೇ ಹೋದರು. ಅಂದಿನಿಂದ ತೆಂಗಿನಕಾಯಿ ಬರುವುದು ನಿಂತಿತು.

ಪ್ರೀತಿ ನಾಗರತ್ನಾ ಮಿಸ್ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿದಳಂತೆ. ಮಿಸ್ ಕಮಲಾಪುರಕ್ಕೆ ಫೋನ್ ಮಾಡಿದರು. ಬೇಗಂ ಟೀಚರ್ ಅಷ್ಟರಲ್ಲಿ ಎದ್ದು ಓಡಾಡುತ್ತಿದ್ದರು. ಜಾಹೇದಾಳ ಮಾತಿನಲ್ಲಿ ಹೇಳುವುದಾದರೆ, ನಾವು ಬಂದು ಹೋದಾಗಿನಿಂದ ಮನೆಯ ಒಂದು ಗೋಡೆಯನ್ನೂ ಚಿತ್ರ ಬರೆಯದೆ ಖಾಲಿ ಬಿಟ್ಟಿರಲಿಲ್ಲ.

ಶನಿವಾರ ನಮ್ಮವರು ಮೂಗು ಕೆಂಪಗೆ ಮಾಡಿಕೊಂಡು ಹಾಸಿಗೆಯಲ್ಲಿದ್ದರು. “ಈಗ ಟೀಚರೇ ಬರ್ಲಾಕತ್ತಾರ. ನಂಗ ಖರೇನೇ ಆರಾಮಿಲ್ಲ,” ಎಂದರು.

“ನೀ ಬರ್ಲಾರದೆ ಹೆಂಗ?” ಎಂದಳು ಪ್ರೀತಿ, ಕೈ ಹಿಡಿದು ಎಳೆಯುತ್ತ.

ಕೆಮ್ಮುವವರನ್ನು ಮಕ್ಕಳ ನಡುವೆ ಬಿಡುವಂತಿಲ್ಲವೆಂದು ನಾಗರತ್ನಾ ಮಿಸ್ ಖಡಾಖಂಡಿತವಾಗಿ ಹೇಳಿದರು. ಹಾಗಾಗಿ ನಮ್ಮವರು ಅಂಗಳದ ಬಿಸಿಲಿನಲ್ಲಿ, ಕ್ಲಾಸಿನ ಕಿಟಕಿಯ ಆಚೆ ನಿಂತರು. ನಾನು ಒಳಗೆ ಹಿಂದಿನ ಬೆಂಚಿನಲ್ಲಿ ಜಾಹೇದಾಳ ಪಕ್ಕ ಕುಳಿತೆ. ಪ್ರೀತಿ ಎದ್ದು ನಿಂತು ಗಂಟಲು ಸರಿಪಡಿಸಿಕೊಂಡಳು.

“ಇವ್ರು ಇಕ್ಬಾಲ್ ಬೇಗಂ ಟೀಚರ್. ಮಲ್ಲಣ್ಣನ್ನ ಬರದಾವ್ರು. ಅಲ್ಲಿ ಕಿಟಕಿ ಹೊರಗ ನಿಂತಾರಲ್ಲ, ಅವ್ರು ನಮ್ಮ ಪಪ್ಪಾ. ಅವ್ರೇ ಮಲ್ಲಣ್ಣ.”

ಬೇಗಂ ಟೀಚರ್ ಬೋರ್ಡಿನ ಮೇಲೆ ಮೂರು ಚೌಕ ಹಾಕಿದರು. ಮೊದಲನೆಯದರಲ್ಲಿ ಮೀಸೆಯ ಮಲ್ಲಣ್ಣ ಶಾಲೆಗೆ ಹೊರಟ. ಎರಡನೆಯದರಲ್ಲಿ ಎಲ್ಲರೂ ಒಳಗೆ, ಅವನೊಬ್ಬನೇ ಹೊರಗೆ. ಮೂರನೆಯದರ ಮುಂದೆ ಟೀಚರ್ ಯೋಚಿಸುತ್ತ ನಿಂತುಬಿಟ್ಟರು.

ನಲವತ್ತು ಮಕ್ಕಳು ಬೋರ್ಡು ನೋಡಿದರು, ಕಿಟಕಿ ನೋಡಿದರು, ಮತ್ತೆ ಬೋರ್ಡು ನೋಡಿದರು. ಯಾರೋ ಒಬ್ಬರು ಶುರುಮಾಡಿದ ನಗು ಬೆಂಚಿನಿಂದ ಬೆಂಚಿಗೆ ಹತ್ತಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು, ಕಿಟಕಿಯ ಕಡೆ ಕೈಬೀಸುತ್ತಿದ್ದವಳು, ನನ್ನ ಮಗಳು.

ನಮ್ಮವರೂ ಮಕ್ಕಳ ಜೊತೆ ನಕ್ಕರು. ಆಮೇಲೆ, ಇಷ್ಟೊಂದು ನಗು ಬರಿಸುವಂಥವರು ತಮ್ಮ ಹಿಂದೆ ಯಾರು ಬಂದು ನಿಂತಿದ್ದಾರೋ ಎಂದು ತಿರುಗಿ ನೋಡಿದರು.

ಅದನ್ನು ನೋಡಿದ್ದೇ ಬೇಗಂ ಟೀಚರ್ ಮೂರನೇ ಚೌಕಕ್ಕೆ ಚಾಕ್‌ಪೀಸು ಎತ್ತಿಕೊಂಡರು.